ಹೊರಗಿನಿಂದ ಬಂದವರು ಬಿಟ್ಟುಹೋದದ್ದು

1881ರ ಮಾರ್ಚ್ 25ರಂದು ಮೈಸೂರು ಸಂಸ್ಥಾನ ಐವತ್ತು ವರ್ಷಗಳ ಬ್ರಿಟಿಷ್ ಆಡಳಿತ ಮುಗಿದು ಹತ್ತನೆಯ ಚಾಮರಾಜ ಒಡೆಯರ ಕೈಗೆ ಮರಳಿತು. ಅಂದು ದಿವಾನರಾದ ಸಿ. ರಂಗಾಚಾರ್ಲು ಮೈಸೂರಿನವರಲ್ಲ, ಮದ್ರಾಸ್ ಪ್ರಾಂತದಿಂದ ಬಂದವರು. 1883ರಲ್ಲಿ ಅವರು ತೀರಿಕೊಂಡ ಮೇಲೆ ಹದಿನೆಂಟು ವರ್ಷ ದಿವಾನಗಿರಿ ನಡೆಸಿದ ಕೆ. ಶೇಷಾದ್ರಿ ಅಯ್ಯರ್ ಪಾಲಕ್ಕಾಡು ಸೀಮೆಯವರು. ಪ್ರಜಾಪ್ರತಿನಿಧಿ ಸಭೆ, ಶಿವನಸಮುದ್ರದ ವಿದ್ಯುತ್ತು ಎಂದು ನಾವು ಹೆಮ್ಮೆಯಿಂದ ಎಣಿಸುವ ಹಲವು ಕೆಲಸಗಳಿಗೆ ಮೊದಲ ರುಜು ಹಾಕಿದವರು ಹೊರಗಿನವರೇ. ಸರ್ಕಾರಿ ಸೇವೆಯನ್ನು ಸುಧಾರಿಸಬೇಕೆಂದರೆ ಹೊರಗಿನ ಜಾಣರನ್ನು ತರಬೇಕು, ಒಳಗಿನವರ ಕೆಲಸವನ್ನು ಅಳೆಯಬೇಕು, ಎಲ್ಲರಿಗೂ ತರಬೇತಿ ಕೊಡಬೇಕು ಎಂಬ ಮೂರು ಮಾತುಗಳು ಇವತ್ತು ಹೊಸ ವಿಚಾರದಂತೆ ಕೇಳಿಬರುತ್ತವೆ. ಮೈಸೂರು ಇವು ಮೂರನ್ನೂ 1881ರಿಂದ 1921ರ ನಡುವಿನ ನಲವತ್ತು ವರ್ಷಗಳಲ್ಲಿ ಮಾಡಿ ನೋಡಿದೆ. ಆ ಅನುಭವವನ್ನು ಸಾವಧಾನವಾಗಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬಂದವರು ಎಲ್ಲಿಯವರು ಎಂಬುದು ಕೊನೆಗೆ ಮುಖ್ಯವಾಗಲಿಲ್ಲ. ಅವರು ಹೋಗುವ ಹೊತ್ತಿಗೆ ತಮ್ಮ ಕುರ್ಚಿಯಲ್ಲಿ ಕೂರಬಲ್ಲ ಸ್ಥಳೀಯರನ್ನು ತಯಾರು ಮಾಡಿದ್ದರೇ ಎಂಬುದೇ ಮುಖ್ಯವಾಯಿತು. ಶಿಷ್ಯರಿದ್ದ ಕಡೆ ಹೊರಗಿನ ನೇಮಕ ನಾಡಿಗೆ ಆಸ್ತಿಯಾಯಿತು, ಶಿಷ್ಯರಿಲ್ಲದ ಕಡೆ ಅದು ಪಕ್ಷವಾಯಿತು, ಕಹಿಯಾಯಿತು.

ಮೊದಲು ಇದ್ದದ್ದೇನು ಎಂಬುದನ್ನು ನೋಡಬೇಕು. ಕಚೇರಿಯ ಫೈಲಿಗೆ ನಾವು ಈಗಲೂ ಹೇಳುವ ‘ಕಡತ’ ಎಂಬ ಮಾತು ಒಂದು ಬಟ್ಟೆಯ ಹೆಸರು. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಅದು ಕರಿಹಲಗೆಯಂತಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕವೆಲ್ಲ ಇಂಥ ಕಡತಗಳಲ್ಲಿತ್ತು. ಬೇಕಾದಾಗ ಅಳಿಸಿ ಮತ್ತೆ ಬರೆಯಬಹುದಾದ ಆ ಪುಟಗಳನ್ನು ಓದಲು ಬರುತ್ತಿದ್ದುದು ಬರೆದವನ ಮನೆಯವರಿಗೆ ಮಾತ್ರ ಎಂದರೂ ತಪ್ಪಾಗದು. ಮಗ ಅಪ್ಪನ ಪಕ್ಕ ಕೂತು ಲೆಕ್ಕ ಕಲಿಯುತ್ತಿದ್ದ. ಅಪ್ಪನ ನಂತರ ಊರಿನ ಲೆಕ್ಕ ಅವನದಾಗುತ್ತಿತ್ತು. ಇದು ತರಬೇತಿಯೂ ಹೌದು, ನೇಮಕವೂ ಹೌದು. ಇದನ್ನು ಹಳಿಯುವುದು ಸುಲಭ, ಆದರೆ ಈ ಪದ್ಧತಿಯಲ್ಲಿ ಒಂದು ಗುಣವಿತ್ತು. ಯಾವ ಹೊಲಕ್ಕೆ ಯಾವ ಕೆರೆಯ ನೀರು, ಯಾರ ಇನಾಮು ಎಲ್ಲಿಯವರೆಗೆ, ಯಾವ ವರ್ಷ ಯಾವ ಗದ್ದೆ ಬೀಳುಬಿತ್ತು ಎಂಬ ತಿಳಿವಳಿಕೆ ತಲೆಮಾರಿನಿಂದ ತಲೆಮಾರಿಗೆ ಸೋರದೆ ಇಳಿದು ಬರುತ್ತಿತ್ತು. ದೋಷವೂ ಅಷ್ಟೇ ದೊಡ್ಡದು: ಆ ಮನೆಯಲ್ಲಿ ಹುಟ್ಟದವನಿಗೆ ಆ ವಿದ್ಯೆ ಇಲ್ಲ, ಆ ಮನೆಯವರು ತಪ್ಪು ಬರೆದರೆ ಹಿಡಿಯುವವರಿಲ್ಲ. ಮುಂದೆ ಬಂದ ಸುಧಾರಣೆಗಳೆಲ್ಲ ಈ ಗುಣವನ್ನು ಉಳಿಸಿಕೊಂಡು ಈ ದೋಷವನ್ನು ಕಳೆಯಬಲ್ಲವೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು.

1831ರಿಂದ 1881ರವರೆಗೆ ಆಡಳಿತ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಮಾರ್ಕ್ ಕಬ್ಬನ್ ಹಳೆಯ ಪದ್ಧತಿಯನ್ನು ಹೆಚ್ಚು ಕದಡದೆ ಮುಂದುವರಿಸಿದರು. 1862ರಲ್ಲಿ ಬಂದ ಲೆವಿನ್ ಬೌರಿಂಗ್ ನಾಡನ್ನು ಮೂರು ವಿಭಾಗ, ಎಂಟು ಜಿಲ್ಲೆಗಳಾಗಿ ಹಂಚಿ, ಬ್ರಿಟಿಷ್ ಇಂಡಿಯಾದ ಮಾದರಿಯ ಇಲಾಖೆಗಳನ್ನು ಕಟ್ಟಿದರು. ಮೇಲಿನ ಹುದ್ದೆಗಳಲ್ಲಿ ಯುರೋಪಿಯನ್ನರು, ಕೆಳಗಿನವುಗಳಲ್ಲಿ ದೇಶೀಯರು ಎಂಬ ಏರ್ಪಾಡು ಸಂಬಳದ ಖರ್ಚನ್ನು ಬಹಳ ಹೆಚ್ಚಿಸಿತು. ರಂಗಾಚಾರ್ಲು 1874ರಲ್ಲಿ ಪ್ರಕಟಿಸಿದ ಕಿರುಹೊತ್ತಿಗೆಯಲ್ಲಿ ಈ ಆಡಳಿತವನ್ನು ಟೀಕಿಸಿದರು. ಎರಡೇ ವರ್ಷಕ್ಕೆ ಭೀಕರ ಕ್ಷಾಮ ಬಂತು. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ ನಲವತ್ತೆರಡು ಲಕ್ಷಕ್ಕೂ ಕೆಳಗಿಳಿದಿತ್ತು. ಐವತ್ತು ವರ್ಷದ ‘ಶಿಸ್ತಿನ’ ಆಡಳಿತ ತನ್ನ ಜನರನ್ನು ಉಳಿಸಿಕೊಳ್ಳಲಾರದೆ ಹೋಯಿತು ಎಂಬುದಕ್ಕೆ ಈ ಎರಡು ಅಂಕಿಗಳಿಗಿಂತ ಬೇರೆ ಸಾಕ್ಷಿ ಬೇಡ. ಸಾಲದ ಹೊರೆಯ ಜೊತೆಗೆ ಸಂಸ್ಥಾನವನ್ನು ವಹಿಸಿಕೊಂಡಾಗ ಯುರೋಪಿಯನ್ನರ ಸಂಬಳ ಕೊಡಲು ಬೊಕ್ಕಸದಲ್ಲಿ ಹಣವಿರಲಿಲ್ಲ. ಐವತ್ತು ವರ್ಷ ಮೇಲಿನ ಹುದ್ದೆಗಳಿಂದ ದೂರವಿದ್ದ ಮೈಸೂರಿನವರಲ್ಲಿ ಹೊಸ ಕಾನೂನು, ಬಜೆಟ್ಟು, ಇಂಗ್ಲಿಷ್ ಪತ್ರವ್ಯವಹಾರ ಬಲ್ಲವರು ವಿರಳ. ಮದ್ರಾಸ್ ವಿಶ್ವವಿದ್ಯಾಲಯದ ಪದವೀಧರರು, ಅಲ್ಲಿನ ಕಲೆಕ್ಟರ್ ಕಚೇರಿಗಳಲ್ಲಿ ಪಳಗಿದವರು ಹತ್ತಿರದಲ್ಲೇ ಇದ್ದರು. ಅವರನ್ನು ಕರೆಸಿದ್ದು ಅಂದಿನ ಸ್ಥಿತಿಯಲ್ಲಿ ಸರಿಯಾದ ನಿರ್ಧಾರವೇ.

ತಪ್ಪಾದದ್ದು ಆಮೇಲೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ರೈಲು, ನೀರಾವರಿ, ಗಣಿ, ಭೂವಿಜ್ಞಾನ, ವಿದ್ಯುತ್ತು ಎಂದು ಸರ್ಕಾರದ ಕೆಲಸ ಹಬ್ಬುತ್ತ ಹೋಯಿತು. ಹುದ್ದೆಗಳು ಹೆಚ್ಚಿದವು, ಮದ್ರಾಸಿನಿಂದ ಬರುವವರೂ ಹೆಚ್ಚಿದರು. ತುರ್ತಿಗೆಂದು ತೆರೆದ ಬಾಗಿಲು ಮಾಮೂಲು ದಾರಿಯಾಯಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಸಂಸ್ಥಾನದ ನೀತಿಯೇ ಆಗಿಬಿಟ್ಟಿದೆಯೇನೋ ಎಂದು ಮೈಸೂರಿನ ವಿದ್ಯಾವಂತರಿಗೆ ಅನಿಸಿತು. ‘ಮೈಸೂರು ಮೈಸೂರಿನವರಿಗೆ’ ಎಂಬ ಕೂಗು ಎದ್ದಿತು. ತಾತಯ್ಯ ಎಂದು ಜನ ಪ್ರೀತಿಯಿಂದ ಕರೆದ ಎಂ. ವೆಂಕಟಕೃಷ್ಣಯ್ಯನವರ ಪತ್ರಿಕೆಗಳು ದಿವಾನರ ನೇಮಕಗಳನ್ನು ಬಿಡದೆ ವಿಮರ್ಶಿಸಿದವು. ಇದು ಬರಿಯ ಹೊಟ್ಟೆಕಿಚ್ಚು, ಸಮರ್ಥರನ್ನು ಕಂಡು ಅಸಮರ್ಥರು ಎಬ್ಬಿಸಿದ ಗಲಾಟೆ ಎಂದು ಆಗಲೂ ಹೇಳಿದವರಿದ್ದರು, ಈಗಲೂ ಹೇಳುವವರಿದ್ದಾರೆ. ಆ ಮಾತು ಅರ್ಧ ಮಾತ್ರ ನಿಜ. ದಿವಾನರ ಸಾಮರ್ಥ್ಯದ ಬಗ್ಗೆ ಯಾರೂ ಗಂಭೀರವಾಗಿ ತಕರಾರು ಎತ್ತಲಾರರು. ಆದರೆ ತಾಲೂಕಿನ ಅಮಲ್ದಾರಿಕೆ, ಅಸಿಸ್ಟೆಂಟ್ ಕಮಿಷನರಿಕೆ ಹೊರಗಿನಿಂದ ತರಿಸಬೇಕಾದ ಅಪರೂಪದ ವಿದ್ಯೆಗಳಲ್ಲ. ಎರಡು ವರ್ಷ ಜಿಲ್ಲಾ ಕಚೇರಿಯಲ್ಲಿ ಕೂರಿಸಿ ಕಲಿಸಿದರೆ ಸ್ಥಳೀಯ ಪದವೀಧರನಿಗೂ ಬರುವ ಕೆಲಸ ಅದು. ರೈತನ ಅರ್ಜಿ ಕೇಳುವ ಅಮಲ್ದಾರನಿಗಂತೂ ರೈತನ ಮಾತು ಕಿವಿಗೆ ಬಿದ್ದ ಕೂಡಲೇ ಅರ್ಥವಾಗಬೇಕು. ಅಂಥ ಹುದ್ದೆಗೂ ಹೊರಗಿನವರನ್ನೇ ತಂದದ್ದಕ್ಕೆ ಸಾಮರ್ಥ್ಯದ ಕಾರಣ ಕೊಡುವುದು ಕಷ್ಟ. ನಿಜಾಮರ ಹೈದರಾಬಾದಿನಲ್ಲೂ ಇದೇ ಬೇಗುದಿ ಮುಲ್ಕಿ, ಗೈರ್‌ಮುಲ್ಕಿ (ನಾಡಿನವರು, ಹೊರಗಿನವರು) ಎಂಬ ಹೆಸರಿನಲ್ಲಿ ಹೊತ್ತಿತ್ತು. ರಾಯಚೂರು, ಗುಲ್ಬರ್ಗ, ಬೀದರಿನ ಕನ್ನಡಿಗರು ಅದರ ಬಿಸಿ ಉಂಡವರೇ. ಆ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಹಿಂದೆ ಆ ನೆನಪೂ ಇದೆ.

ಶೇಷಾದ್ರಿ ಅಯ್ಯರ್ ಅವರೇ ಇದಕ್ಕೆ ಒಂದು ಪರಿಹಾರ ಹುಡುಕಿದರು ಎಂಬುದನ್ನು ನ್ಯಾಯವಾಗಿ ಹೇಳಬೇಕು. 1891ರಲ್ಲಿ ಮೈಸೂರು ಸಿವಿಲ್ ಸರ್ವಿಸ್‌ಗೆ ಸ್ಪರ್ಧಾ ಪರೀಕ್ಷೆ ಶುರುವಾಯಿತು. ಪಾಸಾದವರು ಪ್ರೊಬೇಷನರಿ ಅಸಿಸ್ಟೆಂಟ್ ಕಮಿಷನರಾಗಿ ಸೇರಿ, ಕಂದಾಯ, ಖಜಾನೆ, ಕಾನೂನುಗಳ ಕೆಲಸ ಕಲಿತು, ಇಲಾಖಾ ಪರೀಕ್ಷೆಗಳನ್ನೂ ಮುಗಿಸಬೇಕಿತ್ತು. ಶಿಫಾರಸು ಇಲ್ಲದವನೂ ಉತ್ತರಪತ್ರಿಕೆಯ ಬಲದಿಂದ ಒಳಗೆ ಬರಬಹುದು ಎಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಮೈಸೂರಿನ ಸೇವೆಗೆ ಸೇರಿದ ನವರತ್ನ ರಾಮರಾಯರು, ಈ ಪರೀಕ್ಷೆ ಬರೆದು ಬಂದ ಮಾಸ್ತಿ ವೆಂಕಟೇಶ ಅಯ್ಯಂಗಾರರು ಅಧಿಕಾರಿಗಳಾಗಿಯೂ ಕನ್ನಡದ ಬರಹಗಾರರಾಗಿಯೂ ನಾಡಿಗೆ ಬೇಕಾದವರಾದರು. ಹಳ್ಳಿಯಿಂದ ಹಳ್ಳಿಗೆ ಕ್ಯಾಂಪು ಹೋಗಿ ಜನರ ತಂಟೆ ತಕರಾರು ಕೇಳಿದ ಆ ಬದುಕಿನಿಂದ ಕನ್ನಡದ ಗದ್ಯ ಪಡೆದದ್ದು ಬಹಳ. ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮಾಸ್ತಿಯವರ ಮನೆಮಾತು ತಮಿಳು. ಊರು ಕೋಲಾರ ಜಿಲ್ಲೆಯ ಮಾಸ್ತಿ, ಬರವಣಿಗೆ ಕನ್ನಡ, ಬದುಕೆಲ್ಲ ಈ ನಾಡಿನದು. ಅವರನ್ನು ಹೊರಗಿನವರೆಂದು ಕರೆಯುವವರು ಯಾರಿದ್ದಾರೆ? ವಿಶ್ವೇಶ್ವರಯ್ಯನವರ ಕಥೆ ಇದಕ್ಕೆ ತಿರುವುಮುರುವು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರ ಕಸುಬು ಬೆಳೆದದ್ದು ಮುಂಬಯಿ ಪ್ರಾಂತದಲ್ಲಿ. ಸುಮಾರು ಕಾಲು ಶತಮಾನ ಅಲ್ಲಿ ಎಂಜಿನಿಯರಾಗಿ ದುಡಿದ ಮೇಲೆ 1909ರಲ್ಲಿ ಮೈಸೂರು ಅವರನ್ನು ಮುಖ್ಯ ಎಂಜಿನಿಯರಾಗಿ ಕರೆಸಿಕೊಂಡಿತು. ಹುಟ್ಟಿನಿಂದ ಒಳಗಿನವರು, ನೇಮಕದಿಂದ ಹೊರಗಿನವರು. ಒಳಗು ಹೊರಗುಗಳ ಗೆರೆಯನ್ನು ಜನ್ಮಸ್ಥಳದ ಮೇಲೆ ಎಳೆದರೆ ಅದು ಹೀಗೆ ಕೈಕೊಡುತ್ತದೆ.

ಗೆರೆಯನ್ನು ಬೇರೆ ಕಡೆ ಎಳೆಯಬೇಕು ಎಂಬುದಕ್ಕೆ ಆಧಾರ ಕಂದಾಯ ಇಲಾಖೆಯಲ್ಲಿ ಸಿಗದಿದ್ದರೂ ಅಡಿಕೆ ತೋಟದಲ್ಲಿ ಸಿಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕೊಳೆರೋಗ ಬಂದರೆ ಎಳೆಯ ಅಡಿಕೆ ಕೊಳೆತು ಮರದ ಬುಡದಲ್ಲಿ ರಾಶಿ ಬೀಳುತ್ತದೆ. ಮಳೆನೀರು ತಾಗದಂತೆ ಕೊನೆಗಳಿಗೆ ಕೊಟ್ಟೆ ಕಟ್ಟುವುದು ತೋಟದವರಿಗೆ ಗೊತ್ತಿದ್ದ ಉಪಾಯ. 1908ರಲ್ಲಿ ಮೈಸೂರು ಸರ್ಕಾರ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿಯನ್ನು ಕರೆಸಿತು. ಅವರು ಈ ರೋಗಕ್ಕೆ ಮೂಲವಾದ ಶಿಲೀಂಧ್ರವನ್ನು ಅಧ್ಯಯನ ಮಾಡಿ, ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಮುಂಗಾರಿಗೆ ಮುಂಚೆ ಕೊನೆಗಾರ ಮರ ಹತ್ತಿ ಆ ನೀಲಿ ಮದ್ದು ಹೊಡೆಯುವುದನ್ನು ಮಲೆನಾಡಿನಲ್ಲಿ ಇವತ್ತಿಗೂ ನೋಡಬಹುದು. ನೂರು ವರ್ಷ ದಾಟಿದರೂ ಅದು ತೋಟದವರ ಕೈಬಿಟ್ಟಿಲ್ಲ. ಇಷ್ಟೇ ಆಗಿದ್ದರೆ ಕೋಲ್ಮನ್ ಒಬ್ಬ ಒಳ್ಳೆಯ ತಜ್ಞ ಎಂದು ಸುಮ್ಮನಾಗಬಹುದಿತ್ತು. ಆದರೆ ಅವರ ಕಾಲದಲ್ಲೇ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಆ ಶಾಲೆಯ ನೆಲದಲ್ಲೇ 1946ರಲ್ಲಿ ಕೃಷಿ ಕಾಲೇಜು ಬೆಳೆಯಿತು, 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬೇರೂರಿತು. ಒಬ್ಬ ಕೆನಡಾದವನನ್ನು ನೇಮಿಸಿಕೊಂಡದ್ದಕ್ಕೆ ನಾಡಿಗೆ ದಕ್ಕಿದ್ದು ತಲೆಮಾರುಗಟ್ಟಲೆ ಕೃಷಿ ಪದವೀಧರರು.

ಲಾಲ್‌ಬಾಗಿನಲ್ಲೂ ಅದೇ ಆಯಿತು. ಜರ್ಮನಿಯ ಜಿ. ಎಚ್. ಕ್ರುಂಬಿಗಲ್ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡದಲ್ಲಿ ಕೆಲಸ ಮಾಡಿ, 1908ರಲ್ಲಿ ಮೈಸೂರಿಗೆ ಬಂದರು. ಅವರು 1932ರಲ್ಲಿ ನಿವೃತ್ತರಾದಾಗ ಆ ಜಾಗಕ್ಕೆ ಮತ್ತೊಬ್ಬ ಯುರೋಪಿಯನ್ನನನ್ನು ಹುಡುಕಬೇಕಾಗಲಿಲ್ಲ. ಅವರ ಕೈಕೆಳಗೆ ಪಳಗಿದ ಎಚ್. ಸಿ. ಜವರಾಯರು ಸಿದ್ಧರಿದ್ದರು. ಜವರಾಯರ ಹಿಂದೆ ಎಂ. ಎಚ್. ಮರಿಗೌಡರು ಬಂದರು, ಕರ್ನಾಟಕದ ತೋಟಗಾರಿಕೆ ಇಲಾಖೆಯನ್ನು ಹಳ್ಳಿಹಳ್ಳಿಗೆ ಒಯ್ದವರು ಅವರೇ. ಶಾಸನಗಳ ಇಲಾಖೆಯಲ್ಲಿ ಈ ಸರಪಳಿ ಇನ್ನೂ ಉದ್ದ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳನ್ನು ತಂದರು. ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು 1906ರಲ್ಲಿ ಇಲಾಖೆಯ ಹೊಣೆ ಹೊತ್ತರು. ‘ಕರ್ನಾಟಕ ಕವಿಚರಿತೆ’ ಬರೆದವರು ಅವರೇ. ಮುಂದೆ ಆರ್. ಶಾಮಶಾಸ್ತ್ರಿಗಳು, ಅವರ ನಂತರ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದ ಎಂ. ಎಚ್. ಕೃಷ್ಣ. ಶಾಮಶಾಸ್ತ್ರಿಗಳ ಹೆಸರು ಬಂದ ಮೇಲೆ ಒಂದು ಮಾತು ಸೇರಿಸದೆ ಮುಂದೆ ಹೋಗಲಾಗದು. ಸಿವಿಲ್ ಸರ್ವಿಸ್ ಪರೀಕ್ಷೆ ಶುರುವಾದ 1891ರಲ್ಲೇ ಮೈಸೂರಿನಲ್ಲಿ ಓರಿಯೆಂಟಲ್ ಲೈಬ್ರರಿಯೂ ಆರಂಭವಾಯಿತು. ಅಲ್ಲಿದ್ದ ಓಲೆಗರಿಗಳಲ್ಲಿ ಶಾಸ್ತ್ರಿಗಳಿಗೆ ಸಿಕ್ಕಿದ್ದು ಕೌಟಿಲ್ಯನ ‘ಅರ್ಥಶಾಸ್ತ್ರ’. 1909ರಲ್ಲಿ ಅವರು ಅದನ್ನು ಅಚ್ಚಿಗೆ ತಂದರು. ಅಧಿಕಾರಿಗಳನ್ನು ಪರೀಕ್ಷಿಸುವ ಬಗೆಗಳನ್ನೂ, ಅವರು ಅರಸನ ಹಣ ಕಬಳಿಸುವ ನಲವತ್ತು ದಾರಿಗಳನ್ನೂ ಎಣಿಸಿಟ್ಟ ಗ್ರಂಥ, ಅಧಿಕಾರಿಗಳನ್ನು ಹೇಗೆ ಆರಿಸಬೇಕು ಎಂದು ತಲೆಕೆಡಿಸಿಕೊಂಡಿದ್ದ ಊರಿನಲ್ಲೇ ಮರುಹುಟ್ಟು ಪಡೆಯಿತು.

ತಜ್ಞರ ಇಲಾಖೆಗಳಲ್ಲಿ ಇದು ಸಾಧ್ಯ, ಸಾಮಾನ್ಯ ಆಡಳಿತದಲ್ಲಿ ಗುರುಶಿಷ್ಯ ಸರಪಳಿ ಎಲ್ಲಿಂದ ಬರಬೇಕು ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಸಸ್ಯರೋಗ ವಿಜ್ಞಾನಿಯ ಗೆಲುವು ಸೋಲು ತೋಟದಲ್ಲಿ ಕಣ್ಣಿಗೆ ಕಾಣುತ್ತದೆ, ಅಮಲ್ದಾರನದು ಕಾಣುವುದಿಲ್ಲ. ಆದ್ದರಿಂದಲೇ ಸಾಮಾನ್ಯ ಆಡಳಿತದಲ್ಲಿ ಅಳತೆ ಬೇಕಾಗುತ್ತದೆ. ಮೈಸೂರಿಗೆ ಅಳತೆ ಹೊಸದಲ್ಲ. ಪ್ರತಿ ವರ್ಷ ಜಮಾಬಂದಿಯಲ್ಲಿ ಹಳ್ಳಿಯ ಲೆಕ್ಕವನ್ನು ಸಾಲುಸಾಲಾಗಿ ಪರಿಶೀಲಿಸುವ ರೂಢಿ ಮೊದಲಿನಿಂದ ಇತ್ತು. ಗ್ರಾಮ ಪಂಚಾಯತಿಗಳ ವಾರ್ಷಿಕ ಲೆಕ್ಕ ತಪಾಸಣೆಗೆ ಆ ಹೆಸರೇ ಇಂದಿಗೂ ಉಳಿದಿದೆ. 1881ರಲ್ಲಿ 144 ಸದಸ್ಯರೊಂದಿಗೆ ಸೇರಿದ ಪ್ರಜಾಪ್ರತಿನಿಧಿ ಸಭೆಯನ್ನೂ ನಾನು ಒಂದು ಅಳತೆಗೋಲೆಂದೇ ಎಣಿಸುತ್ತೇನೆ. ಅದಕ್ಕೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ ಎಂದು ಇತಿಹಾಸಕಾರರು ಅದನ್ನು ಹಗುರ ಮಾಡುವುದುಂಟು. ಆದರೆ ದಸರೆಯ ಹೊತ್ತಿಗೆ ತಾಲೂಕಿನಿಂದ ಬಂದ ಒಬ್ಬ ರೈತ ದಿವಾನರೆದುರು ಎದ್ದು ನಿಂತು, ನಮ್ಮ ಕೆರೆಯ ತೂಬು ಒಡೆದಿದೆ, ಅರ್ಜಿ ಕೊಟ್ಟರೂ ಯಾರೂ ನೋಡಿಲ್ಲ ಎಂದು ಹೇಳಬಹುದಾಗಿತ್ತು. ಸಂಬಂಧಪಟ್ಟ ಅಧಿಕಾರಿಗೆ ಅದಕ್ಕಿಂತ ನೇರವಾದ ಕಾರ್ಯಮೌಲ್ಯಮಾಪನ ಇನ್ನಾವುದಿದೆ? ಮೇಲಿನವರು ಗುಟ್ಟಾಗಿ ಬರೆಯುವ ಗೋಪ್ಯ ವರದಿಯಲ್ಲಿ ಇರದ ಒಂದು ಗುಣ ಇದಕ್ಕಿತ್ತು: ಸೇವೆ ಪಡೆಯಬೇಕಾದವನೇ ಅಲ್ಲಿ ಸಾಕ್ಷಿ ಹೇಳುತ್ತಿದ್ದ.

ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದ ಮೇಲೆ ಈ ಅಳತೆಗೆ ಎಂಜಿನಿಯರ್ ಬುದ್ಧಿ ಸೇರಿಸಿದರು. ಅವರು ತಂದ ‘ಎಫಿಷಿಯನ್ಸಿ ಆಡಿಟ್’ ಹಣದ ಲೆಕ್ಕಪರಿಶೋಧನೆಯಲ್ಲ, ಕೆಲಸದ ಲೆಕ್ಕಪರಿಶೋಧನೆ. ಪ್ರತಿ ಇಲಾಖೆ ತನ್ನ ಕಾರ್ಯವಿಧಾನವನ್ನು ಕೈಪಿಡಿಯಾಗಿ ಬರೆದಿಟ್ಟುಕೊಳ್ಳಬೇಕು, ಕಚೇರಿಯ ನಡವಳಿಕೆ ಅದರಂತೆ ಇದೆಯೇ ಎಂದು ಬೇರೆಯವರು ಬಂದು ನೋಡಬೇಕು, ವಿಳಂಬ ಎಲ್ಲಿ ಎಂದು ಗುರುತಿಸಬೇಕು. ಇದರ ಬೆಲೆ ಏನೆಂದು ತಿಳಿಯಬೇಕಾದರೆ ಮತ್ತೆ ಆ ಕರಿಬಟ್ಟೆಯ ಕಡತವನ್ನು ನೆನೆಯಬೇಕು. ಒಬ್ಬರ ಮನೆಯ ವಿದ್ಯೆಯಾಗಿದ್ದದ್ದನ್ನು ಬರೆದಿಟ್ಟ ಕ್ರಮವನ್ನಾಗಿ ಮಾಡಿದರೆ ಅದು ಯಾರು ಬೇಕಾದರೂ ಕಲಿಯಬಹುದಾದ ವಿದ್ಯೆಯಾಗುತ್ತದೆ. ಕೈಪಿಡಿ ಇಲ್ಲದ ಕಚೇರಿಯಲ್ಲಿ ಹಳೆಯ ಗುಮಾಸ್ತನೇ ರಾಜ. ಕೈಪಿಡಿ ಇದ್ದರೆ ನಿನ್ನೆ ಸೇರಿದವನೂ ಅವನನ್ನು ಪ್ರಶ್ನಿಸಬಹುದು. ಅಳತೆ ಮತ್ತು ತರಬೇತಿ ಬೇರೆ ಬೇರೆ ಸುಧಾರಣೆಗಳಲ್ಲ, ಒಂದೇ ಸುಧಾರಣೆಯ ಎರಡು ಮುಖಗಳು ಎಂಬುದನ್ನು ಅವರು ಕಂಡುಕೊಂಡಿದ್ದರು. ಆದರೆ ಕಚೇರಿಯ ಅಳತೆಗೆ ಒಂದು ಮಿತಿ ಇದೆ. ಟಪ್ಪಾಲು ಬಂದ ದಿನ, ಉತ್ತರ ಹೋದ ದಿನ ಇವುಗಳನ್ನು ಎಣಿಸಬಹುದು. ಆ ಉತ್ತರದಿಂದ ರೈತನ ಕೆರೆ ತುಂಬಿತೇ ಎಂಬುದು ಆವಕ ಜಾವಕ ಪುಸ್ತಕದಲ್ಲಿ ಇರುವುದಿಲ್ಲ. ಕೊನೆಯ ತೀರ್ಪು ಗುಟ್ಟಿನಲ್ಲೇ ಆಗುವುದಾದರೆ ಅಳೆದಿದ್ದೆಲ್ಲ ವ್ಯರ್ಥ. 1943ರಲ್ಲಿ ಮಾಸ್ತಿಯವರು ತಮಗೆ ಬರಬೇಕಾದ ಮೇಲಿನ ಸ್ಥಾನ ತಮಗಿಂತ ಕಿರಿಯರಿಗೆ ಹೋದಾಗ ಅವಧಿಗೆ ಮುಂಚೆಯೇ ನಿವೃತ್ತಿ ಪಡೆದು ಹೊರನಡೆದರು. ಕನ್ನಡ ಸಾಹಿತ್ಯಕ್ಕೆ ಅದರಿಂದ ಲಾಭವೇ ಆಯಿತು. ಸರ್ಕಾರ ಮಾತ್ರ ಮೂವತ್ತು ವರ್ಷ ಪಳಗಿದ ಅಧಿಕಾರಿಯನ್ನು ಕಳೆದುಕೊಂಡಿತು.

ಇಷ್ಟೆಲ್ಲ ಸುಧಾರಣೆಗಳ ನಡುವೆ ಯಾರೂ ಅಳೆಯದೆ ಬಿಟ್ಟದ್ದು ಒಂದಿತ್ತು: ಬಾಗಿಲಿನ ಅಗಲ. ಪರೀಕ್ಷೆ ಎಲ್ಲರಿಗೂ ಒಂದೇ, ಸರಿ. ಆದರೆ ಪರೀಕ್ಷೆಯ ಕೋಣೆಯವರೆಗೆ ಬರಲು ಹೈಸ್ಕೂಲು, ಕಾಲೇಜು, ಇಂಗ್ಲಿಷ್, ಪಟ್ಟಣದಲ್ಲಿ ಉಳಿಯಲು ಒಂದು ಮನೆ ಬೇಕು. ಸಂಸ್ಥಾನದ ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ವರೂ ಇಲ್ಲದ ಬ್ರಾಹ್ಮಣರು ಮೇಲಿನ ಹುದ್ದೆಗಳಲ್ಲಿ ಬಹುಪಾಲನ್ನು ಹಿಡಿದಿದ್ದರು. ಮದ್ರಾಸಿನವರು, ಮೈಸೂರಿನವರು ಎಂಬ ಜಗಳ ಬಹುಮಟ್ಟಿಗೆ ಈ ಒಂದೇ ವರ್ಗದ ಒಳಗಿನ ಜಗಳ. ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮುಂತಾದ ಸಮುದಾಯಗಳ ಮುಖಂಡರು 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿಕೊಂಡು ಈ ಪ್ರಶ್ನೆಯನ್ನು ಅರಮನೆಯ ಮುಂದಿಟ್ಟರು. ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಬಾಗಿಲನ್ನು ಅಗಲ ಮಾಡುವ ಶಿಫಾರಸಿಗೆ ರುಜು ಹಾಕಿದವರಲ್ಲಿ ಮೊದಲಿಗರೂ ಹೊರಗಿನವರೇ ಎಂಬುದು ನೆನಪಿಡಬೇಕಾದ ಸಂಗತಿ. ಏಳು ವರ್ಷದೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧ, ಕೆಳದರ್ಜೆಯವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಎಂದು ಸಮಿತಿ ಹೇಳಿತು. ಆ ವರದಿಯ ಈ ಸಾಲುಗಳನ್ನೇ ಎಲ್ಲರೂ ನೆನೆಯುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೆರಡು. ಒಂದು, ವಿದ್ಯಾರ್ಥಿವೇತನವೇ ಮೊದಲಾದ ಸೌಲಭ್ಯಗಳನ್ನು ನೇಮಕದ ಜೊತೆಗೇ ಸೇರಿಸಿ ಹೇಳಿದ್ದು; ಅಂದರೆ ತರಬೇತಿ ಕೆಲಸಕ್ಕೆ ಸೇರಿದ ಮೇಲಲ್ಲ, ಸೇರುವ ಮೊದಲೇ ಶುರುವಾಗಬೇಕು ಎಂದದ್ದು. ಇನ್ನೊಂದು, ದಕ್ಷತೆಯನ್ನು ಪದವಿಯ ಅಂಕಗಳಿಂದ ಮಾತ್ರ ಅಳೆಯಲಾಗದು, ಆಡಳಿತದ ಎಷ್ಟೋ ಕಡೆ ಸಹಾನುಭೂತಿ, ಪ್ರಾಮಾಣಿಕತೆ, ಹುರುಪು, ವ್ಯವಹಾರಜ್ಞಾನಗಳೂ ಅಷ್ಟೇ ಮುಖ್ಯ ಎಂದು ವಾದಿಸಿದ್ದು. ದಕ್ಷತೆ ಎಂದರೇನು ಎಂಬ ಪ್ರಶ್ನೆಯನ್ನೇ ಅದು ಮತ್ತೆ ಕೇಳಿತು.

ಹುದ್ದೆಗಳನ್ನು ಹೀಗೆ ಮೀಸಲಿಡುವ ವಿಚಾರವನ್ನು ವಿಶ್ವೇಶ್ವರಯ್ಯನವರು ವರದಿ ಬರುವ ಮೊದಲೇ ಒಪ್ಪಿರಲಿಲ್ಲ. 1918ರ ಕೊನೆಯಲ್ಲಿ ದಿವಾನಗಿರಿ ಬಿಟ್ಟರು. ಅವರ ನಿಲುವನ್ನು ಜಾತಿಯ ಪಕ್ಷಪಾತವೆಂದು ತಳ್ಳಿಹಾಕುವುದು ಅನ್ಯಾಯ. ಅವರ ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳು ಸುಮಾರು 4,500ರಿಂದ 10,500ಕ್ಕೆ ಏರಿದ್ದವು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂದಿತ್ತು. ಮೊದಲು ವಿದ್ಯೆ ಹಬ್ಬಲಿ, ಹುದ್ದೆ ಅದರ ಹಿಂದೆ ತಾನಾಗಿ ಬರುತ್ತದೆ, ಯೋಗ್ಯತೆಯನ್ನು ಬದಿಗಿಟ್ಟರೆ ನಾಡು ಹಿಂದೆ ಬೀಳುತ್ತದೆ ಎಂಬುದು ಅವರ ನಂಬಿಕೆ. ಆದರೆ ಆ ನಂಬಿಕೆಗೆ ಅವರದೇ ಸೇವೆಯ ಚರಿತ್ರೆ ಉತ್ತರ ಕೊಡುತ್ತದೆ. 1881ರಲ್ಲಿ ಮೈಸೂರಿನವರು ಕಾದಿದ್ದರೆ ಹುದ್ದೆಗಳು ತಾವಾಗಿ ಅವರಿಗೆ ಬರುತ್ತಿರಲಿಲ್ಲ. ಹೊರಗಿನವರ ಹರಿವು ಮಾಮೂಲಾದ ಮೇಲೆ ಕೂಗಿ ಕೇಳಬೇಕಾಯಿತು. ಒಳಗಿರುವವನು ತನ್ನಂಥವರನ್ನೇ ಯೋಗ್ಯರೆಂದು ಕಾಣುವುದು ಮನುಷ್ಯ ಸ್ವಭಾವ. 1921ರಲ್ಲಿ ಸರ್ಕಾರ ಮಿಲ್ಲರ್ ಶಿಫಾರಸುಗಳನ್ನು ಜಾರಿಗೆ ತಂದಿತು. ಆಡಳಿತ ಕುಸಿಯುತ್ತದೆ ಎಂದು ಹೆದರಿದವರ ಮಾತು ನಿಜವಾಯಿತೇ? ಕನ್ನಂಬಾಡಿ ಕಟ್ಟೆ ಮುಗಿದದ್ದು, ಅದರ ನಾಲೆ ಮಂಡ್ಯದ ಬಯಲಿಗೆ ನೀರು ಹರಿಸಿದ್ದು, ಭದ್ರಾವತಿ ಕಾರ್ಖಾನೆ ನಿಂತುಕೊಂಡದ್ದು, ಮೈಸೂರು ಮಾದರಿ ಸಂಸ್ಥಾನವೆಂದು ದೇಶದಲ್ಲೆಲ್ಲ ಹೆಸರು ಪಡೆದದ್ದು 1921ರ ನಂತರದ ಇಪ್ಪತ್ತು ವರ್ಷಗಳಲ್ಲಿ. ಇದೆಲ್ಲ ಮೀಸಲಾತಿಯಿಂದ ಆಯಿತೆಂದು ನಾನು ಹೇಳುವುದಿಲ್ಲ. ಮೀಸಲಾತಿಯಿಂದ ಕೆಟ್ಟಿತು ಎನ್ನುವವರಿಗೆ ಆಧಾರವಿಲ್ಲ ಎಂದಷ್ಟೇ ಹೇಳುತ್ತೇನೆ. ಲಾಲ್‌ಬಾಗಿನಲ್ಲಿ ಜವರಾಯರು ಕುರ್ಚಿ ಹಿಡಿದದ್ದೂ ಈ ಅವಧಿಯಲ್ಲೇ.

ಈ ಹಳೆಯ ಲೆಕ್ಕವನ್ನು ಈಗ ತೆಗೆಯಲು ಕಾರಣವಿದೆ. 2018ರಲ್ಲಿ ಕೇಂದ್ರ ಸರ್ಕಾರ ಜಂಟಿ ಕಾರ್ಯದರ್ಶಿ ಮಟ್ಟದ ಹತ್ತು ಹುದ್ದೆಗಳನ್ನು ಹೊರಗಿನವರಿಗೆ ನೇರವಾಗಿ ತೆರೆಯಿತು. 2024ರ ಆಗಸ್ಟಿನಲ್ಲಿ ಅಂಥದೇ ನೇರ ನೇಮಕದ 45 ಹುದ್ದೆಗಳಿಗೆ ಕೇಂದ್ರ ಲೋಕಸೇವಾ ಆಯೋಗ ಕೊಟ್ಟ ಜಾಹೀರಾತನ್ನು, ಅದರಲ್ಲಿ ಮೀಸಲಾತಿ ಇಲ್ಲವೆಂಬ ಆಕ್ಷೇಪ ಎದ್ದು, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಳ್ಳಲಾಯಿತು. ಚರ್ಚೆ ಎರಡೇ ಪಾಳೆಯಗಳಾಗಿ ಒಡೆಯಿತು: ತಜ್ಞರು ಬೇಕು ಎನ್ನುವವರು, ಹಕ್ಕು ಹೋಗುತ್ತದೆ ಎನ್ನುವವರು. ಮೈಸೂರಿನ ಚರಿತ್ರೆಯನ್ನು ಬಲ್ಲವರು ಇಬ್ಬರಿಗೂ ಹೌದೆನ್ನಬೇಕು, ಇಬ್ಬರೂ ಕೇಳದ ಪ್ರಶ್ನೆಯನ್ನೂ ಕೇಳಬೇಕು. ಮೂರು ಅಥವಾ ಐದು ವರ್ಷಕ್ಕೆ ಬರುವ ತಜ್ಞ ಹೋಗುವಾಗ ಆ ವಿದ್ಯೆ ಇಲಾಖೆಯಲ್ಲಿ ಉಳಿಯುತ್ತದೆಯೇ, ಅವನ ಜೊತೆ ಕಟ್ಟಿಕೊಂಡು ಹೋಗುತ್ತದೆಯೇ? ಉಳಿಯದಿದ್ದರೆ ಮತ್ತೆ ಹೊರಗಿನವನನ್ನೇ ಕರೆಯಬೇಕು, ತುರ್ತಿನ ಬಾಗಿಲು ಮತ್ತೆ ಮಾಮೂಲು ದಾರಿಯಾಗುತ್ತದೆ. ನಮ್ಮ ರಾಜ್ಯದಲ್ಲೂ ಸಲಹೆಗಾರರು, ಗುತ್ತಿಗೆಯ ತಜ್ಞರು ಇಲಾಖೆ ಇಲಾಖೆಗಳಲ್ಲಿ ಕೂತಿದ್ದಾರೆ. ಗೆಜೆಟೆಡ್ ಪ್ರೊಬೇಷನರುಗಳು ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ಪಾಠ ಕೇಳಿ ಜಿಲ್ಲೆಗೆ ಹೋಗುತ್ತಾರೆ. ಈ ಎರಡು ಗುಂಪುಗಳನ್ನು ಒಂದೇ ಮೇಜಿನ ಮುಂದೆ ಕೂರಿಸುವ ನಿಯಮ ಬೇಕು. ಹೊರಗಿನ ತಜ್ಞರ ನೇಮಕದ ಆದೇಶದಲ್ಲಿ ಸಂಬಳ, ಅವಧಿ, ಕೆಲಸದ ವಿವರಗಳ ಜೊತೆಗೆ ಇನ್ನೊಂದು ಕಲಂ ಸೇರಿಸಲಿ: ಆ ಅವಧಿಯುದ್ದಕ್ಕೂ ಅವರ ಕೈಕೆಳಗೆ ಕಲಿಯುವ ಇಬ್ಬರು ಸ್ಥಳೀಯ ಅಧಿಕಾರಿಗಳ ಹೆಸರು. ಅವಧಿ ಮುಗಿದ ದಿನ ತಜ್ಞರ ಕೆಲಸವನ್ನು ಅಳೆಯುವಾಗ, ಆ ಇಬ್ಬರಿಗೆ ಈಗ ಏನು ಬರುತ್ತದೆ ಎಂದು ಮೊದಲು ಕೇಳಲಿ.